ಎರಡೂ ಕಡೆ ಕೀ ಹಾಕುವ ಬೀಗ

"ನಾಯಿ ಸಾಕೋರೂ ಸರಪಳೀನ ನೀರಿನ ಬಟ್ಟಲಿನ ತನಕ ಬಿಡ್ತಾರೆ. ನೀವು ಹೊಸ್ತಿಲ ತನಕಾನೂ ಬಿಟ್ಟಿಲ್ವಲ್ರೀ."

ಕಾರ್ಮಿಕ ಇಲಾಖೆಯ ಮೇಡಂ ಈ ಮಾತನ್ನು ಕೂಗಿ ಹೇಳಲಿಲ್ಲ. ಕೂಗಿದ್ದರೆ ಮನೆಯ ಕಿರಿಮಗ ಚಿಕ್ಕವನೂ ಗಂಟಲು ಏರಿಸಿ ಎರಡು ಮಾತು ಹೆಚ್ಚೇ ಆಡಿಬಿಡುತ್ತಿದ್ದ; ಜಗಳದಲ್ಲಿ ಅವನ ನಾಲಿಗೆ ಯಾವತ್ತೂ ತಡವರಿಸಿದ್ದಿಲ್ಲ. ಮೇಡಂ ಸಾಮಾನಿನ ಪಟ್ಟಿ ಓದುವ ದನಿಯಲ್ಲಿ ಹೇಳಿದರು. ಅದಕ್ಕೇ ಬೀದಿ ಪೂರ್ತಿ ಕೇಳಿಸಿಕೊಂಡಿತು. ಎದುರಿನ ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ. ನಲ್ಲಿಯ ಹತ್ತಿರದ ಹೆಂಗಸರು ನೀರು ನಿಲ್ಲಿಸಿ ಕಿವಿ ಕೊಟ್ಟರು.

ಚಿಕ್ಕವನ ಹೆಗಲ ಮೇಲೆ ಹತಾರದ ಚೀಲ ಇನ್ನೂ ಇತ್ತು. ಬೀಗ ರಿಪೇರಿ ಅವನ ಕಸುಬು. ಎಂಟನೇ ಕ್ಲಾಸಿಗೆ ಪಾಟಿಚೀಲ ಎಸೆದು ಹಿಡಿದ ಅರ ಇವತ್ತಿಗೂ ಕೈಬಿಟ್ಟಿಲ್ಲ. ಅರ್ಧ ಗಂಟೆ ಹಿಂದೆ ಅಂಗಡಿಗೆ ಫೋನ್ ಬಂದಿತ್ತು: "ಒಂದು ಬಾಗಿಲು ತೆಗೀಬೇಕಿತ್ತು. ಒಳಗೆ ಜನ ಇದಾರೆ, ಕೀ ಇಲ್ಲ. ಇಸ್ತ್ರಿ ಅಂಗಡಿ ಎದುರಿಗೆ, ಹಸಿರು ಬಾಗಿಲು." ಆ ಎದುರು ಸಾಲಿನಲ್ಲಿ ಹಸಿರು ಬಾಗಿಲು ಮೂರಿದ್ದವು. ಯಾರೋ ಕೀ ಕಳೆದುಕೊಂಡಿದ್ದಾರೆ ಅಂದುಕೊಂಡು ಸೈಕಲ್ ತುಳಿದ. ತಿರುವು ದಾಟಿದ ಮೇಲೆ ಗೊತ್ತಾಯಿತು, ಜನ ನಿಂತದ್ದು ಅವನದೇ ಮನೆ ಮುಂದೆ. ಮೇಡಂಗೆ ನಂಬರು ಸಿಕ್ಕಿದ್ದೂ ಅಲ್ಲೇ. 'ಬೀಗ ಸಿಕ್ಕಿಕೊಂಡರೆ ಕರೆ ಮಾಡಿ' ಅನ್ನುವ ಚೀಟಿಯನ್ನು ಊರ ಬಾಗಿಲಿಗೆಲ್ಲ ಅಂಟಿಸಿದ ಉಮೇದಿನಲ್ಲಿ ತನ್ನ ಮನೆಗೂ ಒಂದು ಅಂಟಿಸಿಕೊಂಡಿದ್ದ.

"ಮನೆ ಯಾರದು?" ಮೇಡಂ ಕೇಳಿದರು.

"ನಮ್ದೇ."

"ಬೀಗ ಹಾಕಿದ್ದು?"

"ನಾನೇ."

ಇಸ್ತ್ರಿಯವನು ನಕ್ಕುಬಿಟ್ಟ. ಅವನ ಹಿಂದೆ ಇನ್ನೂ ನಾಲ್ಕು ಜನ ನಕ್ಕರು.

ಕಿಟಕಿಯ ಸರಳು ಹಿಡಿದು ಬನೀನಿನಲ್ಲಿ ಅಪ್ಪ ನಿಂತಿದ್ದರು. ಅವರ ಬೆನ್ನ ಹಿಂದೆ ತಟ್ಟೆ ಚಮಚ ಹಿಡಿದು ಟೀಚರಮ್ಮ. ಅವಳು ಯಾವ ಶಾಲೆಯ ಟೀಚರೂ ಅಲ್ಲ. ಅಪ್ಪನನ್ನು ನೋಡಿಕೊಳ್ಳಲು ಏಜೆಂಟು ಗಡಿಯಾಚೆಯಿಂದ ಕರೆತಂದ ಹೆಂಗಸು. ಅಪ್ಪ ಮೂವತ್ತು ವರ್ಷ ಶಾಲೆಯಲ್ಲಿ ಗಂಟೆ ಹೊಡೆದವರು. ನೆನಪೆಲ್ಲ ಉದುರಿಹೋದ ಮೇಲೆ ಉಳಿದದ್ದು ಆ ಶಾಲೆಯೊಂದೇ. ಇವಳು ಬಂದ ದಿನವೇ ಎದ್ದು ನಿಂತು ಕೈ ಕಟ್ಟಿ "ಟೀಚರಮ್ಮ" ಅಂದರು. ಹೆಂಡತಿ ಹೇಳಿದರೆ ಬಾಯಿ ಬಿಡದವರು ಇವಳು ಹೇಳಿದರೆ ಔಷಧಿಯನ್ನೂ ನುಂಗಿದರು. ಮನೆಯವರೂ ತಮಾಷೆಗೆ ಹಾಗೇ ಕರೆದರು, ಆಮೇಲೆ ಅದೇ ಹೆಸರಾಯಿತು.

"ಟೀಚರಮ್ಮ, ಜನ ಸೇರಿದಾರೆ. ಗಂಟೆ ಹೊಡೀಲಾ?" ಅಪ್ಪ ಒಳಗಿನಿಂದ ಕೇಳಿದರು.

"ಇನ್ನೂ ಟೈಮ್ ಆಗಿಲ್ಲ ತಾತ. ಬಾಯಿ ತೆಗೀರಿ," ಅಂದಳು ಅವಳು.

ಚಿಕ್ಕವನು ಬಾಗಿಲು ತೆಗೆದ. ಮೇಡಂ ಒಳಗೆ ಬಂದು ಹಾಳೆ ಬಿಚ್ಚಿದರು. ಸರ್ಕಾರ ಹೊಸದಾಗಿ ನಿಯಮ ಮಾಡಿತ್ತು. ಹೊರಗಿನಿಂದ ಬಂದ ಮನೆಗೆಲಸದವರಿರುವ ಮನೆಗೆಲ್ಲ ಹೋಗಿ ಕೇಳಬೇಕು. ಗುರುತಿನ ಕಾಗದ ಕೆಲಸದವಳ ಕೈಯಲ್ಲೇ ಇದೆಯೇ, ವಾರಕ್ಕೊಂದು ದಿನ ರಜೆ ಇದೆಯೇ, ಬೇಕೆನಿಸಿದಾಗ ಅವಳು ಹೊರಗೆ ಹೋಗಬಹುದೇ.

"ಕಾಗದ ಎಲ್ಲಿದೆ ಅಮ್ಮ?"

"ಅಮ್ಮಾವ್ರ ಬೀರೂಲಿ."

"ರಜೆ?"

ಟೀಚರಮ್ಮ ಚಿಕ್ಕವನ ಮುಖ ನೋಡಿದಳು. ಅವನು ನೆಲ ನೋಡಿದ.

"ಬಾಗಿಲಿನ ಕೀ?"

ಇಲ್ಲ ಎಂದು ತಲೆಯಾಡಿಸಿದಳು.

"ಗ್ಯಾಸ್ ಹೊತ್ತಿಕೊಂಡ್ರೆ ಏನು ಮಾಡ್ತೀರಿ?"

ಅವಳು ನಿಜವಾಗಿಯೂ ಯೋಚನೆ ಮಾಡಿದಳು. "ಕಿಟಕೀಲಿ ಕೂಗ್ತೀನಿ," ಅಂದಳು.

ಮೇಡಂ ಪೆನ್ನು ಮುಚ್ಚಿದರು. "ನಮ್ಮದೊಂದು ವಸತಿ ಇದೆ. ಇವತ್ತೇ, ಈಗಲೇ ನನ್ನ ಜೊತೆ ಬರಬಹುದು. ಯಾರೂ ತಡೆಯೋ ಹಾಗಿಲ್ಲ."

ಟೀಚರಮ್ಮ ಕೈಯಲ್ಲಿದ್ದ ತಟ್ಟೆ ನೋಡಿದಳು. "ಇವತ್ತು ಆಗಲ್ಲ ಮೇಡಂ. ತಾತಂಗೆ ಊಟ ಅರ್ಧ ಆಗಿದೆ."

ಮೇಡಂ ನೋಟಿಸು ಕೊಟ್ಟು ಹೋದರು. ಎಂಟು ದಿನ ಬಿಟ್ಟು ಬುಧವಾರ ಕಚೇರಿಯಲ್ಲಿ ವಿಚಾರಣೆ. ಬೀಗ ಹಾಕಿಟ್ಟಿದ್ದರು ಎಂದು ಸಾಬೀತಾದರೆ ಅವಳಿಗೆ ಬಿಡುಗಡೆ ಪತ್ರ, ಊರಿಗೆ ಟಿಕೇಟು, ಏಜೆಂಟನ ಪರವಾನಗಿ ರದ್ದು. ಮನೆ ಯಜಮಾನಿಯ ಮೇಲೆ ಕೇಸು. ಯಜಮಾನಿ ಅಂದರೆ ಚಿಕ್ಕವನ ಅಮ್ಮ.

*

ಆ ಸಂಜೆ ತಟ್ಟೆಯ ಮುಂದೆ ಕೂತು ಯಾರೂ ನೆಟ್ಟಗೆ ಉಣ್ಣಲಿಲ್ಲ. ಅಮ್ಮ ಒಂದು ದೊಡ್ಡ ಆಫೀಸಿನ ಕ್ಯಾಂಟೀನು ನೋಡಿಕೊಳ್ಳುತ್ತಿದ್ದಳು. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ಬರುವುದು ಸಂಜೆಗೆ. ಅಣ್ಣ ಪಾರ್ಸೆಲ್ ವ್ಯಾನು ಓಡಿಸುತ್ತಿದ್ದ. ಅತ್ತಿಗೆ ಔಷಧಿ ಅಂಗಡಿಯ ಬಿಲ್ಲಿನ ಕೌಂಟರಿನಲ್ಲಿ. ನಾಲ್ಕೂ ಜನ ದುಡಿಯಲು ಹೋಗುವ ಮನೆ. ಒಳಗೆ ಉಳಿಯುತ್ತಿದ್ದವರು ಅಪ್ಪ, ಟೀಚರಮ್ಮ ಮತ್ತು ಬೀಗ.

"ಆ ಬೀಗ ಹಾಕಿದ್ದು ನಿಮ್ಮಪ್ಪಂಗೆ," ಅಮ್ಮ ಅಂದಳು. "ಅವಳಿಗಲ್ಲ. ಅದನ್ನ ಹೇಳೋಕೆ ನಿನ್ನ ಬಾಯಿಗೇನು ಬಂದಿತ್ತು?"

ಅದು ಸುಳ್ಳಲ್ಲ. ಅಪ್ಪ ಒಮ್ಮೆ ಚಪ್ಪಲಿಯಿಲ್ಲದೆ ಹೊರಟು, ಎರಡು ದಿನ ಸಿಗದೆ, ಮೂರನೇ ದಿನ ರೈಲು ಹಳಿಯ ಪಕ್ಕದ ಗ್ಯಾಂಗ್‌ಮನ್ ಗುಡಿಸಿಲಲ್ಲಿ ಸಿಕ್ಕಿದ್ದರು. ಒಳಗಿನ ಚಿಲಕ ಅವರಿಗೆ ಲೆಕ್ಕವೇ ಅಲ್ಲ. ಆಗ ಚಿಕ್ಕವನು ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯ ಬೀಗ ತಂದು ಹಾಕಿದ. ಒಳಗಿನಿಂದ ತೆಗೆಯಲೂ ಕೀ, ಹೊರಗಿನಿಂದ ತೆಗೆಯಲೂ ಕೀ. ಮನೆಯವರಿಗೆ ತಲಾ ಒಂದೊಂದು ಮಾಡಿಕೊಟ್ಟ. ಆಮೇಲೆ ಟೀಚರಮ್ಮ ಬಂದಳು. ಬೀಗ ಹೇಗಿತ್ತೋ ಹಾಗೇ ಇತ್ತು, ಅವಳು ಅದರ ಒಳಗೆ ಬಂದಳು, ಅಷ್ಟೇ. ಒಬ್ಬರಿಗೂ ಅದು ತಲೆಗೆ ಹೋಗಲಿಲ್ಲ. ಹೋಗಲಿಲ್ಲ ಅಂತ ಬಾಯಲ್ಲಿ ಹೇಳಬಹುದು.

"ಹೇಳಿದ್ರೆ ಏನಾಗ್ತಿತ್ತು ಅತ್ತೆ," ಅತ್ತಿಗೆ ಅಂದಳು. "ಅವಳಿಗೊಂದು ಕೀ ಯಾಕೆ ಕೊಟ್ಟಿಲ್ಲ ಅಂತ ಕೇಳ್ತಿದ್ರು."

"ಅವಳ ಕೈಯಿಂದ ಮುದುಕ ಕಿತ್ಕೊಂಡು ಹೋದ್ರೆ?"

"ಅವಳೇ ಹೋಗ್ಬಿಟ್ರೆ ಅನ್ನಿ."

"ಹೂಂ, ಹೋಗ್ಬಿಟ್ರೆ. ನಾಳೆಯಿಂದ ನೀನು ಕೌಂಟರ್ ಬಿಟ್ಟು ಮಾವನ ಬಟ್ಟೆ ಬದಲಾಯಿಸ್ತೀಯಾ?"

ಅತ್ತಿಗೆ ತಟ್ಟೆಯಲ್ಲಿ ಬೆರಳಾಡಿಸಿದಳು. ಅಣ್ಣ ನೀರು ಕುಡಿದ. ಒಳಗಿನ ಕೋಣೆಯಿಂದ ಟೀಚರಮ್ಮ ಅಪ್ಪನಿಗೆ ಬಾಯಿ ಒರೆಸುತ್ತ ಏನೋ ಹೇಳುವುದು ಕೇಳಿಸುತ್ತಿತ್ತು. ಆ ಮನೆಯ ಗೋಡೆಗಳು ಎಷ್ಟು ತೆಳುವೆಂದರೆ, ಅವಳಿಗೂ ಇವರ ಮಾತು ಅಷ್ಟೇ ಸ್ಪಷ್ಟವಾಗಿ ಕೇಳಿಸುತ್ತಿದ್ದಿರಬೇಕು.

*

ಮೂರು ದಿನ ಅಮ್ಮ ಟೀಚರಮ್ಮನ ಜೊತೆ ಬೆಣ್ಣೆಯಂತೆ ಮಾತಾಡಿದಳು. ಕ್ಯಾಂಟೀನಿನಿಂದ ಕೇಕು ತಂದುಕೊಟ್ಟಳು. ಎರಡು ವರ್ಷದಲ್ಲಿ ಮೊದಲ ಸಲ "ಕೂತ್ಕೊಂಡು ತಿನ್ನೇ" ಅಂದಳು. ನಾಲ್ಕನೇ ದಿನ ಚಿಕ್ಕವನನ್ನು ಹಿತ್ತಲಿಗೆ ಕರೆದಳು.

"ಅವಳಿಗೊಂದು ಕೀ ಮಾಡು."

"ಈಗಲಾದ್ರೂ ಬುದ್ಧಿ ಬಂತಲ್ಲ."

"ಹೊಸದು ಬೇಡ. ಎರಡು ವರ್ಷದಿಂದ ಅವಳ ಹತ್ರಾನೇ ಇತ್ತು ಅನ್ನೋ ಹಾಗೆ ಮಾಡು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ನಾನು ಬೀಗ ರಿಪೇರಿಯವನು ಅಮ್ಮ. ಕಳ್ಳ ಅಲ್ಲ."

"ನಾನು ಕಳ್ಳಿನಾ? ಐವತ್ತೆಂಟು ವರ್ಷಕ್ಕೆ ಕಟಕಟೆ ಹತ್ತಿಸ್ತೀಯಾ ನನ್ನ? ಕ್ಯಾಂಟೀನಿಂದ ಒದ್ದು ಓಡಿಸ್ತಾರೆ. ಅವಳ ಜೊತೆ ನಾನು ಮಾತಾಡಿದೀನಿ. ಕೀ ನನ್ನ ಹತ್ರಾನೇ ಇತ್ತು ಅಂತ ಒಂದು ಮಾತು ಹೇಳ್ಲಿ, ಆ ಸಂಜೇನೇ ಕಾಗದ ಕೈಗೆ ಕೊಟ್ಟು ಟಿಕೇಟ್ ಮಾಡಿಸ್ತೀನಿ. ಇಲಾಖೆ ಮಾಡಿಸೋ ಟಿಕೇಟು ಯಾವ ಕಾಲಕ್ಕೆ ಬರುತ್ತೋ."

ಚಿಕ್ಕವನು ಒಳಗೆ ಹೋಗಿ ಟೀಚರಮ್ಮನನ್ನು ಕೇಳಿದ. ಅವಳು ಅಪ್ಪನ ಉಗುರು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನನಗೆ ಬೇಗ ಹೋಗ್ಬೇಕು ಚಿಕ್ಕಣ್ಣ. ನನ್ನ ಮಗಳಿಗೆ ಹದಿನಾಲ್ಕು. ನನ್ನ ತಂಗಿ ಮನೇಲಿದಾಳೆ. ಆ ಏಜೆಂಟೇ ಅಲ್ಲೂ ಓಡಾಡ್ತಿದಾನೆ. ಅವಳ ವಯಸ್ಸು ಹತ್ತೊಂಬತ್ತು ಅಂತ ಕಾಗದ ಮಾಡಿಸಿದಾನಂತೆ, ಒಳ್ಳೆ ಮನೆ ಇದೆ ಕಳಿಸು ಅಂತಾನಂತೆ. ತಂಗಿ ಗಂಡ ಹೂಂ ಅಂದಿದಾನೆ. ನಾನು ಹೋದ್ರೆ ನಿಲ್ಲಿಸ್ತೀನಿ."

"ಮೇಡಂಗೆ ಹೇಳು ಇದನ್ನ."

"ಹೇಳಿದ್ರೆ ಕೇಸ್ ಆಗುತ್ತೆ, ಕೇಸ್ ಮುಗಿಯೋ ತನಕ ಇಲ್ಲೇ ಇರ್ಬೇಕು ಅಂತ ಅಮ್ಮಾವ್ರು ಹೇಳಿದ್ರು. ನಿಜಾನಾ?"

ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಅವನ ಬಾಯಿಗೆ ಬರಲಿಲ್ಲ. "ಇರ್ಬಹುದು," ಅಂದ.

"ಅಮ್ಮಾವ್ರು ಮಾತು ಉಳಿಸ್ಕೋತಾರಾ? ನೀವು ಹೇಳಿ. ನೀವು ಹೂಂ ಅಂದ್ರೆ ನಾನೂ ಹೂಂ."

ಚಿಕ್ಕವನು "ಹೂಂ" ಅಂದ.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವನು ಹಿಂದೆ ಯಾವಾಗಲೋ ತುಂಡು ಕಚ್ಚಿ ಹಿಡಿಯುವ ಒಂದು ಸಣ್ಣ ವೈಸು ಬಿಗಿದಿದ್ದ. ಮರುದಿನ ತನ್ನ ಕೀಯನ್ನೂ ಹೊಸ ಹಿತ್ತಾಳೆ ತುಂಡನ್ನೂ ಜೋಡಿಸಿ ಹಿಡಿಸಿ ಅರ ಹಾಕಿದ. ಟೀಚರಮ್ಮ ಪಾತ್ರೆ ಉಜ್ಜುತ್ತ ನೋಡುತ್ತಿದ್ದಳು. ಅವಳು ಇನ್ನೂ ಎರಡನೇ ಪಾತ್ರೆ ತೊಳೆದು ಕವುಚಿರಲಿಲ್ಲ, ಅವನು ಕೀ ಬಿಚ್ಚಿ ಊದಿ ಪುಡಿ ಹಾರಿಸಿದ.

"ಆಯ್ತಾ?"

"ಆಯ್ತು."

"ಇಷ್ಟೇನಾ?"

ಬಂದ ಮೊದಲ ತಿಂಗಳಲ್ಲೇ ಅವಳು ಕೇಳಿದ್ದಳು: ಚಿಕ್ಕಣ್ಣ, ನನಗೂ ಒಂದು ಮಾಡಿಕೊಡ್ತೀರಾ, ತಾತಂಗೆ ಸೊಪ್ಪು ತರೋಕೆ. ನಾಳೆ ಮಾಡಿಕೊಡ್ತೀನಿ ಅಂದಿದ್ದ. ಆಮೇಲೆ ಇನ್ನೊಂದು ಸಲವೂ ಕೇಳಿದ್ದಳು. ಈಗ ಅವಳು ಅದನ್ನೇನೂ ಎತ್ತಿ ಆಡಲಿಲ್ಲ. ಉಳಿದ ಪಾತ್ರೆ ತೊಳೆದಳು. ಎತ್ತಿ ಆಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಕೀ ಮಾಡಲು ಹಿಡಿದದ್ದು ಒಂದು ಲೋಟ ಹಾಲು ಕಾಯುವಷ್ಟು ಹೊತ್ತು. ಅದನ್ನು ಹಳೆಯದು ಮಾಡಲು ಇಡೀ ಮಧ್ಯಾಹ್ನ. ಒಲೆಯ ಉರಿಗೆ ಹಿಡಿದು ಕಪ್ಪು ಮಾಡಿದ, ಸೈಕಲ್ಲಿನ ಚೈನಿನ ಎಣ್ಣೆಯಲ್ಲಿ ಅದ್ದಿದ, ಬಟ್ಟೆಯಿಂದ ಉಜ್ಜಿದ. ಹಲ್ಲುಗಳ ಮೂಲೆ ಚೂಪಾಗಿತ್ತು. ಓಡಾಡಿದ ಕೀಗೆ ಮೂಲೆ ಇರುವುದಿಲ್ಲ, ಉಪ್ಪುಕಾಗದ ಹಾಕಿ ಸವೆಸಿದ. ಮೊಳೆ ತುಂಬಿದ ಡಬ್ಬಿಯೊಳಗೆ ಹಾಕಿ ಗಲಗಲ ಕುಲುಕಿದ. ಅಪ್ಪ ಕಿಟಕಿಯಿಂದ ಕೂಗಿದರು: "ಯಾರೋ ಅದು ಟೈಮಿಗೆ ಮುಂಚೆ ಗಂಟೆ ಹೊಡೆಯೋನು? ಹೆಡ್‌ಮಾಸ್ಟರಿಗೆ ಹೇಳ್ತೀನಿ."

ಸಂಜೆಗೆ ಕೀ ಎರಡು ವರ್ಷ ಹಳೆಯದಾಗಿತ್ತು. ಅಷ್ಟು ಚೊಕ್ಕ ಕೆಲಸವನ್ನು ಅವನು ಗಿರಾಕಿಗೂ ಮಾಡಿಕೊಟ್ಟಿದ್ದಿಲ್ಲ.

*

ಬುಧವಾರ ಅತ್ತಿಗೆ ರಜೆ ಹಾಕಿ ಅಪ್ಪನ ಹತ್ತಿರ ಉಳಿದಳು. ಉಳಿದವರು ಕಚೇರಿಗೆ ಹೋದರು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಬೆಂಚಿನ ಮೇಲೆ ಇವರಂಥವೇ ಇನ್ನೂ ಮೂರು ಮನೆಯವರು ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದ ಹಾಗೆ.

ಮೇಡಂ ಮೊದಲು ಟೀಚರಮ್ಮನನ್ನು ಒಬ್ಬಳನ್ನೇ ಒಳಗೆ ಕರೆದರು. ತುಂಬಾ ಹೊತ್ತಾಯಿತು. ಅಣ್ಣ ವ್ಯಾನಿನ ಮಾಲೀಕನಿಗೆ ಎರಡು ಸಲ ಫೋನಿನಲ್ಲಿ ಸುಳ್ಳು ಹೇಳಿದ. ಆಮೇಲೆ ಎಲ್ಲರನ್ನೂ ಕರೆದರು. ಮೇಜಿನ ಮೇಲೆ ಆ ಕೀ ಇತ್ತು.

"ಬಂದಾಗಿಂದ ಕೀ ಇವರ ಹತ್ರಾನೇ ಇತ್ತಂತೆ," ಮೇಡಂ ಅಂದರು. "ಅವತ್ತು ನನ್ನ ನೋಡಿ ಗಾಬರಿಯಾಗಿ ಇಲ್ಲ ಅಂದ್ರಂತೆ."

"ಹೌದು ಮೇಡಂ, ಪಾಪದವಳು," ಅಮ್ಮ ಅಂದಳು.

ಮೇಡಂ ಕೀ ಎತ್ತಿ ಬೆಳಕಿಗೆ ಹಿಡಿದರು. "ಚೆನ್ನಾಗಿ ಸವೆದಿದೆ. ಬಹಳ ಓಡಾಡಿದೀರಿ." ಟೀಚರಮ್ಮನ ಕಡೆ ತಿರುಗಿದರು. "ತರಕಾರಿ ಅಂಗಡಿ ಎಲ್ಲಮ್ಮ ನಿಮ್ಮ ಬೀದೀಲಿ? ಬಾಗಿಲು ದಾಟಿದ್ರೆ ಎಡಕ್ಕಾ, ಬಲಕ್ಕಾ?"

ಟೀಚರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಎಡಕ್ಕೆ," ಅಂದಳು.

ಎಡಕ್ಕೆ ಇದ್ದದ್ದು ಮೋರಿ ಮತ್ತು ಕುರುಡು ಗೋಡೆ. ಮೇಡಂ ಆ ಬೀದಿಗೆ ಬಂದವರು, ಅವರಿಗೆ ಗೊತ್ತಿತ್ತು. ಅವರು ಟೀಚರಮ್ಮನನ್ನು ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ನೋಡಿದ್ದು ಚಿಕ್ಕವನನ್ನು, ಅದರಲ್ಲೂ ಅವನ ಕೈಗಳನ್ನು. ಉಗುರು ಸಂದಿಯಲ್ಲಿ ಎಣ್ಣೆ ಮಸಿ ಇನ್ನೂ ಹೋಗಿರಲಿಲ್ಲ. ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಿಮಗೇನಾದ್ರೂ ಹೇಳೋದಿದೆಯಾ?"

"ಇಲ್ಲ."

"ನಾನು ಇವರ ಮಾತಿನ ಮೇಲೆ ಬರೀಬೇಕು, ನನ್ನ ಅನುಮಾನದ ಮೇಲಲ್ಲ." ಮೇಡಂ ಬರೆದರು. ಅಮ್ಮನ ಕೈಯಿಂದ ಗುರುತಿನ ಕಾಗದ ಈಸಿಕೊಂಡು ಕೀಯ ಜೊತೆ ತಾವೇ ಟೀಚರಮ್ಮನ ಕೈಗಿಟ್ಟರು. "ಇದು ನಿಮ್ಮದು. ಯಾರಿಗೂ ಕೊಡಬೇಡಿ. ನನ್ನ ನಂಬರು ಹಿಂದೆ ಬರೆದಿದೀನಿ."

ಹೊರಗೆ ಆಟೋ ಹತ್ತಿದರು. ಅಣ್ಣ ಡ್ರೈವರಿನ ಪಕ್ಕ, ಹಿಂದೆ ಮೂವರು. ಎರಡನೇ ಸಿಗ್ನಲಿನಲ್ಲಿ ಅಮ್ಮ ಕೈ ಚಾಚಿದಳು.

"ಕೊಡು ಇಲ್ಲಿ. ಗಾಳಿಗೆ ಹಾರಿಹೋಗುತ್ತೆ."

ಟೀಚರಮ್ಮ ಕಾಗದವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಚಿಕ್ಕವನ ಕಡೆ ನೋಡಿದಳು. ಅವನು ರಸ್ತೆ ನೋಡುತ್ತಿದ್ದ. ಅವಳು ಕಾಗದ ಕೊಟ್ಟಳು.

"ಕೀನೂ ಕೊಡು. ಮುದುಕ ಕಿತ್ಕೊಂಡಾನು."

ಕೀಯನ್ನೂ ಕೊಟ್ಟಳು.

"ಅಮ್ಮಾವ್ರೆ, ಟಿಕೇಟು..."

"ಮಾಡಿಸ್ತೀನಿ ಅಂದಿದೀನಲ್ಲ. ನಿನ್ನ ಜಾಗಕ್ಕೊಬ್ಬಳು ಸಿಗ್ಲಿ. ಮುದುಕನ್ನ ಬೀದಿಗೆ ಬಿಡ್ಲಾ? ಎರಡು ತಿಂಗಳು ತಡ್ಕೋ."

"ಈ ಸಂಜೆ ಅಂದಿದ್ರಿ."

"ಅಮ್ಮ ಹೇಳ್ತಿರೋದು ಸರಿಯಾಗೇ ಇದೆ," ಅಣ್ಣ ಮುಂದಿನಿಂದಲೇ ಅಂದ, ತಿರುಗದೆ.

ಚಿಕ್ಕವನಿಗೆ ಹೇಳಲು ನೂರು ಮಾತಿತ್ತು. ಅಂಗಡಿಯಲ್ಲಿ ಎರಡು ಕಾಸು ಕಡಿಮೆ ಕೊಟ್ಟ ಗಿರಾಕಿಯ ಕಾಲರ್ ಹಿಡಿಯುವವನು. ಆ ಆಟೋದಲ್ಲಿ ಒಂದೂ ಹೊರಡಲಿಲ್ಲ. ಹಸಿರು ದೀಪ ಬಿತ್ತು, ಆಟೋ ಹೊರಟಿತು.

ಮನೆಗೆ ಬಂದ ಮೇಲೆ ಜಗಳವಾಯಿತು, ಅದೂ ಅತ್ತಿಗೆ ಶುರುಮಾಡಿದ್ದರಿಂದ. "ಮಾತು ಕೊಟ್ಟು ತಪ್ಪಿದ್ರಾ?" ಅಂತ ಅವಳು ನೇರ ಚಿಕ್ಕವನನ್ನೇ ಕೇಳಿದಳು. ಅವನು ಅಮ್ಮನ ಮೇಲೆ ಕೂಗಾಡಿದ. ಅಮ್ಮ ಅತ್ತಳು, ಅಣ್ಣ ಬಾಗಿಲು ಬಡಿದ, ಅಪ್ಪ ಹೆದರಿ ಒದ್ದೆ ಮಾಡಿಕೊಂಡರು. ಟೀಚರಮ್ಮ ಬಕೆಟ್ಟು ಬಟ್ಟೆ ತಂದು ನೆಲ ಒರೆಸಿದಳು. ಅವರ ಜಗಳವನ್ನೂ ಅವಳೇ ಒರೆಸಬೇಕಿತ್ತು.

*

ಟೀಚರಮ್ಮನಿಗೆ ಊರಿನ ಜೊತೆ ಮಾತು ಭಾನುವಾರ ಮಾತ್ರ, ಅಮ್ಮನ ಫೋನಿನಲ್ಲಿ, ಅಮ್ಮನ ಕಣ್ಣೆದುರಿಗೆ. ಆ ಭಾನುವಾರ ಅಮ್ಮ ಸ್ನಾನಕ್ಕೆ ಹೋಗಿದ್ದಳು. ಫೋನು ಬಂದಾಗ ಚಿಕ್ಕವನೇ ಎತ್ತಿಕೊಟ್ಟ. ಅವಳ ಭಾಷೆ ಅವನಿಗೆ ಬರುತ್ತಿರಲಿಲ್ಲ. ಆದರೂ ಮಾತು ಮಧ್ಯೆ ನಿಂತದ್ದು ಗೊತ್ತಾಯಿತು. ಅವಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು, ಬಿಸಿ ಪಾತ್ರೆ ಇಳಿಸುವವರ ಹಾಗೆ.

"ಶುಕ್ರವಾರ ಕರ್ಕೊಂಡು ಹೋದ್ರಂತೆ," ಅಂದಳು. "ಏಜೆಂಟಿನ ಕಡೆ ಹೆಂಗಸು ಬಂದಿದ್ಲಂತೆ. ಬಸ್ಸಲ್ಲಿ."

"ಎಲ್ಲಿಗೆ?"

"ಒಳ್ಳೆ ಮನೆಗೆ."

ಅವಳು ಅಳಲಿಲ್ಲ. ಅಡುಗೆಮನೆಗೆ ಹೋಗಿ ಅಪ್ಪನ ಗಂಜಿ ಕಲಸಿದಳು, ಉಪ್ಪು ಹಾಕಿದಳು, ಮತ್ತೆ ಹಾಕಿದಳು, ಮೂರನೇ ಸಲವೂ ಹಾಕಿದಳು. ಅಪ್ಪ ಒಂದು ಚಮಚ ತಿಂದು ಮುಖ ಕಿವುಚಿದರೂ ಟೀಚರಮ್ಮ ಕೊಟ್ಟದ್ದೆಂದು ಪೂರ್ತಿ ತಿಂದರು.

ಸೋಮವಾರ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಚಿಕ್ಕವನು ಅಂಗಡಿಗೆ ಹೋಗಲಿಲ್ಲ. ಅಮ್ಮನ ಬೀರು ತೆಗೆಯಲು ಅವನಿಗೆ ಕೀ ಬೇಕಿರಲಿಲ್ಲ, ಒಂದು ಬಾಗಿದ ತಂತಿ ಸಾಕಾಯಿತು. ಕಾಗದ ಸೀರೆಗಳ ಅಡಿಯಲ್ಲಿತ್ತು, ಕೀ ಅದರ ಮೇಲೆ. ಎರಡನ್ನೂ ಜೇಬಿಗೆ ಹಾಕಿಕೊಂಡು ಬಂದ.

"ಹೊರಡು. ತಾತನ್ನೂ ಕರ್ಕೊಂಡು ಹೋಗೋಣ."

"ಎಲ್ಲಿಗೆ ಅಂತ ಕೇಳ್ತಾರೆ."

"ಶಾಲೆಗೆ ಅನ್ನು."

ಅಪ್ಪ ಅಂಗಿ ಗುಂಡಿ ತಾವೇ ಹಾಕಿಕೊಂಡರು. ಆಟೋದಲ್ಲಿ ಇಬ್ಬರ ನಡುವೆ ಕೂತು, ದಾರಿಯಲ್ಲಿ ಕಂಡ ಪ್ರತಿ ಕಟ್ಟಡಕ್ಕೂ ಇದೇ ಶಾಲೆಯೇ ಅಂತ ಕೇಳಿದರು.

ಮೇಡಂ ಮುಂದೆ ಚಿಕ್ಕವನು ಕೀ ಇಟ್ಟು ನಿಂತೇ ಹೇಳಿದ. ಯಾವ ದಿನ ಮಾಡಿದ್ದು, ಉರಿಗೆ ಹಿಡಿದದ್ದು, ಚೈನಿನ ಎಣ್ಣೆ, ಮೊಳೆ ಡಬ್ಬಿ, ಎಲ್ಲ. ಕೇಸಾದರೆ ಅವಳು ಇಲ್ಲೇ ಸಿಕ್ಕಿಬೀಳುತ್ತಾಳೆ ಅಂದುಕೊಂಡು ತಾನು ಹೂಂ ಅಂದದ್ದನ್ನೂ ಹೇಳಿದ. ಆಟೋದಲ್ಲಿ ಸುಮ್ಮನೆ ಕೂತದ್ದನ್ನೂ ಬಿಡಲಿಲ್ಲ. ಮೇಡಂ ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿ, ಟೀಚರಮ್ಮನ ಮಗಳ ಹೆಸರು, ಊರು, ಬಸ್ಸು ಕೇಳಿ, ಮೂರು ಕಡೆ ಫೋನ್ ಮಾಡಿದರು. ಅದಾದ ಮೇಲೆ ಅವನ ಕಡೆ ತಿರುಗಿದರು.

"ಕೇಸ್ ಆದ್ರೆ ಇವರು ಇಲ್ಲೇ ಉಳೀಬೇಕು ಅಂತ ಯಾರು ಹೇಳಿದ್ದು? ಹೇಳಿಕೆ ಕೊಟ್ಟ ಮೂರನೇ ದಿನ ಊರಿಗೆ ಕಳಿಸ್ತೀವಿ."

ಅವನು ಮೇಜಿನ ಮೇಲಿದ್ದ ಕೀಯನ್ನು ತಿರುವಿಟ್ಟ.

"ಬುಧವಾರ ಇದೇ ಮಾತು ಹೇಳಿದ್ದಿದ್ರೆ ಗುರುವಾರ ಆ ಏಜೆಂಟನ ಪರವಾನಗಿ ನಿಲ್ಲಿಸ್ತಿದ್ದೆ. ಗಡಿಯ ಎರಡೂ ಕಡೆ ಪೊಲೀಸಿಗೆ ಸುದ್ದಿ ಹೋಗ್ತಿತ್ತು. ಶುಕ್ರವಾರ ಆ ಬಸ್ಸಿಗೆ ಹುಡುಗೀನ ಹತ್ತಿಸೋ ಧೈರ್ಯ ಯಾರಿಗೂ ಬರ್ತಿರಲಿಲ್ಲ." ಅವರ ದನಿಯಲ್ಲಿ ಬೈಗುಳ ಇರಲಿಲ್ಲ, ದಿನ ಎಣಿಸಿದರು ಅಷ್ಟೇ. "ನಿಮ್ಮ ಮೇಲೂ ಕೇಸ್ ಬರುತ್ತೆ. ಸುಳ್ಳು ಸಾಕ್ಷಿ."

"ಬರ್ಲಿ."

ಟೀಚರಮ್ಮ ಅಲ್ಲಿಂದಲೇ ವಸತಿಗೆ ಹೋಗಬೇಕೆಂದಾಯಿತು. ಅವಳು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, "ನಾನು ಮೀಟಿಂಗಿಗೆ ಹೋಗ್ತಿದೀನಿ. ನೀವು ಚಿಕ್ಕಣ್ಣನ ಜೊತೆ ಹೋಗಿ ಊಟ ಮಾಡಿ," ಅಂದಳು.

"ಟೀಚರಮ್ಮ ಹೊರಡದೆ ನಾನು ಗೇಟು ಹಾಕೋ ಹಾಗಿಲ್ಲ," ಅಪ್ಪ ಅಂದರು.

"ನಾನೇ ಹಾಕ್ಕೋತೀನಿ ಇವತ್ತು."

ಕಾರಿಡಾರಿನ ತುದಿ ದಾಟುವ ತನಕ ಅಪ್ಪ ಕೈ ಕಟ್ಟಿ ನಿಂತಿದ್ದರು. ಚಿಕ್ಕವನ ಕಡೆ ಅವಳು ಒಂದು ಸಲವೂ ತಿರುಗಲಿಲ್ಲ.

*

"ಹೆತ್ತ ತಾಯೀನ ಹಿಡಿದುಕೊಟ್ಯಲ್ಲೋ," ಅಣ್ಣ ಅಂದ. ಆ ಮನೆಯಲ್ಲಿ ವಾರ ಪೂರ್ತಿ ಅದೇ ಮಾತು, ಬೇರೆ ಬೇರೆ ದನಿಯಲ್ಲಿ. ಅಮ್ಮನಿಗೆ ಸಮನ್ಸು ಬಂತು. ಕ್ಯಾಂಟೀನಿನವರು ವಿಚಾರಣೆ ಮುಗಿಯುವ ತನಕ ಬರಬೇಡ ಅಂದರು. ಮನೆಯಲ್ಲೇ ಉಳಿದ ಅಮ್ಮ ಚಿಕ್ಕವನ ಜೊತೆ ಮಾತು ಬಿಟ್ಟಳು. ಅವನ ತಟ್ಟೆಗೆ ಬಡಿಸುತ್ತಿದ್ದಳು, ತಟ್ಟೆಯನ್ನು ಮಾತ್ರ ಮುಖ ನೋಡದೆ ದೂಡುತ್ತಿದ್ದಳು.

ಅಪ್ಪ ಯಾರ ಕೈಯಿಂದಲೂ ಉಣ್ಣಲಿಲ್ಲ. ಅಮ್ಮ ಬಾಯಿಗಿಟ್ಟರೆ ಉಗುಳಿದರು. ಅತ್ತಿಗೆ ಸೀರೆ ಬದಲಿಸಿ ಕನ್ನಡಕ ಹಾಕಿಕೊಂಡು "ನಾನು ಹೊಸ ಟೀಚರು" ಅಂತ ನಾಟಕ ಮಾಡಿದಳು. ಅಪ್ಪ ಎರಡು ತುತ್ತು ತಿಂದು, "ನಿಮ್ಮ ಆರ್ಡರ್ ಕಾಪಿ ತೋರಿಸಿ" ಅಂದರು. ಆ ಮನೆಯಲ್ಲಿ ಆ ವಾರ ಯಾರಾದರೂ ನಕ್ಕದ್ದು ಅದೊಂದೇ ಸಲ. ಬೆಳಗಿನ ಹೊತ್ತು ಚಿಕ್ಕವನೇ ಅಂಗಡಿ ಮುಚ್ಚಿ ಕೂತ. ಒಂದು ದಿನ ಬಟ್ಟೆ ಬದಲಿಸಿ, ಹಾಸಿಗೆ ಒಗೆದು, ಔಷಧಿಗೆ ಗಂಟೆಗಟ್ಟಲೆ ಬೇಡಿಕೊಂಡು ಮುಗಿಸುವಷ್ಟರಲ್ಲಿ ಅವನ ಸೊಂಟ ಬಿದ್ದುಹೋಯಿತು. ಇದನ್ನು ಅವಳು ಎರಡು ವರ್ಷ ಮಾಡಿದ್ದಳು, ಕಿಟಕಿಯಾಚೆಯ ಬೀದಿ ಎತ್ತ ತಿರುಗುತ್ತದೆ ಅನ್ನುವುದೂ ಗೊತ್ತಿಲ್ಲದೆ.

ಹುಡುಗಿ ಸಿಕ್ಕಿದಳು. ಬಸ್ಸು ಹತ್ತಿ ಒಂಬತ್ತನೇ ದಿನಕ್ಕೆ, ಇನ್ನೊಂದು ಊರಿನ ಒಂದು ಮಹಡಿ ಮನೆಯಲ್ಲಿ, ಪಾತ್ರೆ ಉಜ್ಜುತ್ತ. ಏಜೆಂಟನನ್ನು ಹಿಡಿದರು. ಸುದ್ದಿ ಹೇಳಿದವಳು ಅತ್ತಿಗೆ, ಮೇಡಂಗೆ ಫೋನ್ ಮಾಡಿ ಕೇಳಿದ್ದಳು. "ತಾಯಿ ಹತ್ರ ಕರ್ಕೊಂಡು ಬಂದಿದಾರೆ. ಗುರುವಾರ ಇಬ್ಬರೂ ಊರಿಗೆ. ಅವಳ ಪೆಟ್ಟಿಗೆ ಇಲ್ಲೇ ಇದೆ, ಕೊಟ್ಟು ಬಾ." ಪೆಟ್ಟಿಗೆಗೆ ಬಟ್ಟೆ ತುಂಬಿದವಳೂ ಅತ್ತಿಗೆಯೇ. ಎರಡು ವರ್ಷದ ಬದುಕು ಅರ್ಧ ಪೆಟ್ಟಿಗೆಯೂ ಆಗಲಿಲ್ಲ.

ವಸತಿ ಊರಾಚೆಯ ಹಳೇ ಕಟ್ಟಡ. ಗೇಟಿನ ಪಕ್ಕ ಕಿಟಕಿಯೊಂದರ ಹಿಂದೆ ವಯಸ್ಸಾದ ಹೆಂಗಸು ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ಚಿಕ್ಕವನು ಪೆಟ್ಟಿಗೆ ಇಳಿಸಿ, ಯಾರದೆಂದು ಹೇಳಿದ. ಅವಳು ಒಳಗೆ ಕೂಗಿ ಹೇಳಿಕಳಿಸಿದಳು.

ಟೀಚರಮ್ಮ ಬರಲಿಲ್ಲ. ಬಂದದ್ದು ಒಬ್ಬ ಹುಡುಗಿ. ಹದಿನಾಲ್ಕು ಅಂತ ಅವನು ಕೇಳಿದ್ದ. ಕಣ್ಣಿಗೆ ಹನ್ನೆರಡೂ ಕಾಣಲಿಲ್ಲ. ಯಾರದೋ ದೊಡ್ಡ ಅಂಗಿ ಮೊಣಕಾಲು ಮುಟ್ಟುತ್ತಿತ್ತು. ಎರಡೂ ಅಂಗೈ ಸೋಪಿನ ಪುಡಿಗೆ ಬಿರಿದು ಕೆಂಪಾಗಿದ್ದವು, ಮುಲಾಮು ಹಚ್ಚಿದ್ದರು. ಪೆಟ್ಟಿಗೆಯ ಹಿಡಿ ಹಿಡಿದು ಎತ್ತಲು ನೋಡಿದಳು, ಕೈ ಉರಿದು ಬಿಟ್ಟುಬಿಟ್ಟಳು. ಚಿಕ್ಕವನು ಬಾಗಿದ. ಅವಳು ಥಟ್ಟನೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟಳು. ಅವನು ಬಾಗಿದವನು ಹಾಗೇ ನೆಟ್ಟಗಾದ.

ಗೋಡೆಗೆ ಒರಗಿಕೊಂಡೇ ಅವಳು ತನ್ನ ಭಾಷೆಯಲ್ಲಿ ಏನೋ ಕೇಳಿದಳು.

"ಅಮ್ಮಂಗೆ ಯಾರು ಬಂದಿದ್ರು ಅಂತ ಹೇಳ್ಲಿ ಅಂತಾಳೆ," ಕಿಟಕಿಯ ಹೆಂಗಸು ಅಂದಳು. ಪೆನ್ನು ನೆಕ್ಕಿ ಪುಸ್ತಕದ ಮೇಲೆ ಇಟ್ಟಳು. "ನನಗೂ ಬರೀಬೇಕು. ಸಾಮಾನು ತಂದವರು, ಅದರ ಪಕ್ಕ ಸಂಬಂಧ. ನೀವು ಆಯಮ್ಮನಿಗೆ ಏನಾಗ್ಬೇಕಪ್ಪ?"

ಹುಡುಗಿ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಅಣ್ಣನಾ? ಮಾಲೀಕರ ಕಡೆಯವರಾ? ಏನೋ ಒಂದು ಹೇಳಿ, ಖಾಲಿ ಬಿಟ್ರೆ ನನ್ನ ಬೈತಾರೆ."

ಚಿಕ್ಕವನು ಪೆಟ್ಟಿಗೆಯನ್ನು ಕಿಟಕಿಯ ಕೆಳಗೆ, ಹುಡುಗಿಯ ಕೈಗೆ ಎಟಕುವ ಹಾಗೆ, ಕಾಲಿನಿಂದ ಮೆಲ್ಲಗೆ ಸರಿಸಿದ. ಆಮೇಲೆ ತಿರುಗಿ ರಸ್ತೆಯ ಕಡೆ ನಡೆದ. "ರೀ, ಇವರೇ," ಅಂತ ಹೆಂಗಸು ಎರಡು ಸಲ ಕರೆದಳು. ಅವನು ನಡೆಯುತ್ತಲೇ ಇದ್ದ.